ಬಯಲುಸೀಮೆಯಲ್ಲಿ ಇಲ್ಲದ ಹುಳು

"ಇದು ಬಯಲುಸೀಮೆ ಕಣಮ್ಮ," ಎಂದರು ಹಿರಿಯ ವೈದ್ಯರು. "ಬೇಸಿಗೇಲಿ ಇಲ್ಲಿ ನೆಲದ ಮೇಲೆ ಹಪ್ಪಳ ಸುಡಬಹುದು. ನೀನು ಹೇಳ್ತಿರೋ ಹುಳಾನ ಕೇರಳದಲ್ಲಿ ಹುಡುಕು, ಅಸ್ಸಾಮಲ್ಲಿ ಹುಡುಕು. ಚಿಂತಾಮಣೀಲಿ ಟೊಮ್ಯಾಟೊ ಸಿಗುತ್ತೆ."

ರೌಂಡ್ಸಿನಲ್ಲಿದ್ದವರೆಲ್ಲ ನಕ್ಕರು. ಹಾಸಿಗೆಯ ಮೇಲೆ ಉಸಿರಿಗೆ ಒದ್ದಾಡುತ್ತಿದ್ದ ಹೆಂಗಸಿನ ಅತ್ತೆಯೂ, ಯಾಕೆಂದು ಗೊತ್ತಿಲ್ಲದೆ, ನಕ್ಕರು. ನಾನು ನಗಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ, ಎದುರಾಳಿ ಜೋಕು ಹೊಡೆದ ಎಂದರೆ ಅವನ ಹತ್ತಿರ ಪುರಾವೆ ಇಲ್ಲ ಎಂಬುದು. ಎರಡನೆಯದು, ಪುರಾವೆ ನಿನ್ನ ಹತ್ತಿರವೂ ಇಲ್ಲದಿದ್ದರೆ ಸಭೆ ಜೋಕು ಹೊಡೆದವನ ಕಡೆಗೇ ಹೋಗುತ್ತದೆ ಎಂಬುದು. ಅವತ್ತು ನನ್ನ ಹತ್ತಿರ ಇದ್ದದ್ದು ಅನುಮಾನ ಮಾತ್ರ.

ಅದೊಂದು ಖಾಸಗಿ ಆಸ್ಪತ್ರೆ. ನಾನು ಅಲ್ಲಿ ಡ್ಯೂಟಿ ಡಾಕ್ಟರ್. ಹಿರಿಯ ವೈದ್ಯರು ಅಲ್ಲಿನ ಮುಖ್ಯ ಫಿಸಿಷಿಯನ್; ತಾಲ್ಲೂಕಿನ ಅರ್ಧ ಜನರ ಎದೆಗೆ ಸ್ಟೆತಸ್ಕೋಪ್ ಇಟ್ಟವರು, ಮತ್ತು ಅದನ್ನು ಮರೆಯಲು ಯಾರಿಗೂ ಬಿಡದವರು. ರೋಗಿ ಕೆಂಚಾರ್ಲಹಳ್ಳಿ ಕಡೆಯವಳು, ನಲವತ್ತರ ಆಸುಪಾಸು. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದು, ಹುಳುವಿಗೆ ಹಾಕುವುದು, ಹಿಕ್ಕೆ ತೆಗೆದು ತಟ್ಟೆ ಚೊಕ್ಕ ಮಾಡುವುದು, ಎಲ್ಲ ಇವಳ ಕೆಲಸ. ಬಹುಕಾಲದಿಂದ ಕೆಮ್ಮು, ಉಬ್ಬಸ. ನಮ್ಮ ಜಿಲ್ಲೆಯಲ್ಲಿ ಇಂಥವಳು ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಕಾಯಿಲೆಯ ಹೆಸರು ತೀರ್ಮಾನವಾಗಿರುತ್ತದೆ: ರೇಷ್ಮೆ ಅಲರ್ಜಿ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರಿಗೆ ಗೂಡು ಬೇಯಿಸುವ ಹಬೆಯಿಂದ ಬರುತ್ತದೆ, ಹಳ್ಳಿಗಳಲ್ಲಿ ಸಾಕುವವರಿಗೆ ಹುಳು ಮನೆಯ ದೂಳಿನಿಂದ. ಅದು ಸುಳ್ಳು ಕಾಯಿಲೆಯಲ್ಲ. ನಾನೇ ಎಷ್ಟೋ ಜನರಲ್ಲಿ ಕಂಡಿದ್ದೇನೆ. ನನ್ನ ತಕರಾರು ಬೇರೆ. ಊರಿಗೆಲ್ಲ ಗೊತ್ತಿರುವ ಒಂದು ನಿಜವಾದ ಕಾಯಿಲೆಯ ಬೆನ್ನ ಹಿಂದೆ ಇನ್ನೊಂದು ಕಾಯಿಲೆ ಆರಾಮವಾಗಿ ಕೂತಿರಬಹುದು. ಅದನ್ನು ಏಳು ಎನ್ನುವವರು ಇರುವುದಿಲ್ಲ.

ಇವಳಿಗೆ ಹಿಂದೆ ಯಾರು ಯಾರೋ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದರು. ನುಂಗಿದಾಗ ಸ್ವಲ್ಪ ದಿನ ಹಾಯೆನಿಸುತ್ತಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿ. ಈ ಸಲ ಬಂದಾಗ ಉಬ್ಬಸದ ಜೊತೆ ಹೊಟ್ಟೆಯುರಿ, ವಾಂತಿ, ಭೇದಿ, ಬಿಟ್ಟು ಬಿಟ್ಟು ಬರುವ ಜ್ವರ. ಹಿರಿಯರು ಸ್ಟೀರಾಯ್ಡನ್ನು ಇಂಜೆಕ್ಷನ್ನಿಗೆ ಏರಿಸಿದರು. ಅಲರ್ಜಿಯಾಗಿದ್ದರೆ ತಗ್ಗಬೇಕಿತ್ತು. ಉಬ್ಬಸ ಏರಿತು.

ನನ್ನ ಅನುಮಾನ ಸ್ಟ್ರಾಂಜಿಲಾಯ್ಡಿಸ್ ಎಂಬ ಜಂತುವಿನ ಮೇಲೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಮಲ ಬಿದ್ದ ಒದ್ದೆ ಮಣ್ಣಿನಲ್ಲಿ ಅದರ ಮರಿ ಇರುತ್ತದೆ. ಬರಿಗಾಲು ಸಿಕ್ಕರೆ ಚರ್ಮ ತೂರಿ ಒಳಗೆ ಬರುತ್ತದೆ, ರಕ್ತದಲ್ಲಿ ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿಂದ ಗಂಟಲಿಗೆ ಏರಿ, ಎಂಜಲಿನ ಜೊತೆ ನುಂಗಿಸಿಕೊಂಡು ಕರುಳು ಸೇರುತ್ತದೆ. ಬೇರೆ ಜಂತುಗಳು ಮೊಟ್ಟೆಯಿಟ್ಟು ಹೊರಗೆ ಕಳಿಸಿ ಸುಮ್ಮನಾಗುತ್ತವೆ. ಇದು ಹೊರಗೆ ಹೋಗದೆ ಅದೇ ಮೈಯೊಳಗೆ ಮತ್ತೆ ಸುತ್ತು ಹೊಡೆಯಬಲ್ಲದು. ಹಾಗಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ, ಮೈಯ ರೋಗನಿರೋಧಕ ಶಕ್ತಿ ಎಚ್ಚರವಾಗಿರುವ ತನಕ. ಸ್ಟೀರಾಯ್ಡ್ ಆ ಶಕ್ತಿಯನ್ನು ಮಲಗಿಸುತ್ತದೆ. ಆಗ ಹುಳು ಮಿತಿಯಿಲ್ಲದೆ ಹೆಚ್ಚಿ, ಕರುಳಿನ ಗೋಡೆ ಕೊರೆದು, ಕರುಳಿನ ಬ್ಯಾಕ್ಟೀರಿಯವನ್ನೂ ಹೊತ್ತುಕೊಂಡು ರಕ್ತಕ್ಕೆ ಇಳಿಯುತ್ತದೆ. ಉಬ್ಬಸ ಹೆಚ್ಚುತ್ತದೆ. ವೈದ್ಯ ಉಬ್ಬಸ ನೋಡಿ ಸ್ಟೀರಾಯ್ಡ್ ಹೆಚ್ಚಿಸುತ್ತಾನೆ. ಈ ವರ್ತುಲದ ಕೊನೆಯಲ್ಲಿ ರೋಗಿ ಸಾಯುತ್ತಾಳೆ, ಮರಣಪತ್ರದಲ್ಲಿ ಉಬ್ಬಸ ಎಂದು ಬರೆಯುತ್ತಾರೆ.

ಇದನ್ನು ರೌಂಡ್ಸಿನಲ್ಲಿ ಹೇಳಿದ್ದಕ್ಕೇ ಹಪ್ಪಳದ ಮಾತು ಬಂದದ್ದು.

ನಾನು ಬಿಡಲಿಲ್ಲ. ಹಿರಿಯರು ರಕ್ತದ ವರದಿ ತೋರಿಸಿದರು: ಜಂತು ಇದ್ದರೆ ಏರಬೇಕಾದ ಇಯೊಸಿನೊಫಿಲ್ ಎಂಬ ಬಿಳಿಕಣ ಇಳಿದುಬಿಟ್ಟಿದೆ, ಇನ್ನೇನು ಬೇಕು?

"ಸ್ಟೀರಾಯ್ಡ್ ಕೊಟ್ಟರೆ ಹುಳ ಇದ್ದರೂ ಅದು ಇಳಿಯುತ್ತೆ ಸರ್," ಎಂದೆ. "ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟು, ಅವನು ಕೂಗ್ತಾ ಇಲ್ಲ, ಆದ್ದರಿಂದ ಕಳ್ಳ ಇಲ್ಲ ಅಂದಂಗಾಯ್ತು."

ಸಿಸ್ಟರ್ ಕೈಯಲ್ಲಿದ್ದ ಟ್ರೇ ಕಡೆ ನೋಡತೊಡಗಿದರು. ಹಿರಿಯರ ಮುಖ ಬಿಗಿಯಿತು. "ಡಿಬೇಟ್ ಚೆನ್ನಾಗಿ ಮಾಡ್ತೀಯ. ಮೊದಲು ಎಂಡಿ ಮಾಡ್ಕೊಂಡು ಬಾ, ಆಮೇಲೆ ಕೂತ್ಕೊಂಡು ಮಾತಾಡಣ. ನಿನ್ನ ಸಮಾಧಾನಕ್ಕೆ ಒಂದು ಸಲ ಮಲ ಪರೀಕ್ಷೆ ಮಾಡಿಸು. ಒಂದೇ ಸಲ."

ಅವರು ಹೋದ ಮೇಲೆ ಅತ್ತೆಯ ಹತ್ತಿರ ಕೂತೆ. ಸೊಸೆಗೆ ಎರಡು ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಹೊಟ್ಟೆಯಲ್ಲಿ ಜಂತು ಇರಬಹುದು ಎಂದದ್ದೇ ತಡ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಏಮಮ್ಮಾ, ನಾವೇನ್ ಗಲೀಜು ಜನಾನಾ? ಬಯಲಿಗೆ ಹೋಗೋರಲ್ಲ ನಾವು. ಮನೇಲೇ ಕಕ್ಕಸ್ ಕಟ್ಟಿಸಿದೀವಿ, ಟೈಲ್ಸ್ ಹಾಕ್ಸಿ."

ಗುಂಡಿ ತುಂಬಿದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅದಕ್ಕೆ ಪೈಪು ಹಾಕಿದೆಯಂತೆ, ಮನೆಯ ಹಿಂದಿನ ಸೊಪ್ಪಿನ ತೋಟಕ್ಕೆ. ಆ ಸಾಲುಗಳ ಎಲೆ ಅಂಗೈಯಗಲ ಬರುತ್ತದಂತೆ, ಮರಿಹುಳುಗಳಿಗೆ ಅದೇ ಶ್ರೇಷ್ಠವಂತೆ. ಹೇಳುವಾಗ ಆಕೆಯ ದನಿಯಲ್ಲಿ ಹೆಮ್ಮೆಯಿತ್ತು. ಉಳಿದ ತೋಟಕ್ಕೆ ಡ್ರಿಪ್. ಗಿಡದ ಬುಡ ಬೇಸಿಗೆಯಲ್ಲೂ ಒಣಗುವುದಿಲ್ಲ.

"ಸೊಪ್ಪು ಕೊಯ್ಯೋವಾಗ ಕಾಲಿಗೆ ಏನು ಹಾಕ್ಕೋತಾರೆ?"

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಸೊಪ್ಪಿನ ತೋಟಕ್ಕೆ ಚಪ್ಪಲಿ ಹಾಕ್ಕೊಂಡು ಹೋಗ್ತಾರಾ ಯಾರಾನಾ? ಬೀದಿ ತುಳಿದ ಚಪ್ಪಲೀಲಿ ಸೊಪ್ಪು ತುಳಿದ್ರೆ ಹುಳ ಸಾಯ್ತವೆ. ಯಾವೂರಮ್ಮ ನಿಂದು?"

ಗೌರಿಬಿದನೂರು ಎಂದೆ. ಅಷ್ಟರಿಂದಲೇ ನನ್ನ ಅಜ್ಞಾನಕ್ಕೆ ಕಾರಣ ಸಿಕ್ಕಿತು ಎಂಬಂತೆ ಆಕೆ ತಲೆಯಾಡಿಸಿದರು.

ಹಿರಿಯರ ವಾದ ನನ್ನ ಮಟ್ಟಿಗೆ ಅಲ್ಲೇ ಬಿದ್ದುಹೋಯಿತು. ಜಿಲ್ಲೆ ಒಣಗಿದೆ, ನಿಜ. ಆದರೆ ಹುಳು ಜಿಲ್ಲೆಯಲ್ಲಿ ಬದುಕುವುದಿಲ್ಲ. ಅದಕ್ಕೆ ಬೇಕಾದದ್ದು ಒಂದಿಷ್ಟು ತಂಪು ಮಣ್ಣು, ನೆರಳು, ಮಲದ ನೀರು, ಬರಿಗಾಲು. ಭೂಪಟದಲ್ಲಿ ಬಯಲುಸೀಮೆ ಎಂದು ಬರೆದಿರುವ ಜಾಗದ ನಡುವೆ, ಕಕ್ಕಸಿನ ಹಿಂದೆ, ಒಂದು ತುಂಡು ಕೇರಳವನ್ನು ಇವರೇ ನೀರು ಹಾಯಿಸಿ ಬೆಳೆಸಿಟ್ಟಿದ್ದರು.

ಮಲದ ಮಾದರಿ ಲ್ಯಾಬಿಗೆ ಹೋಯಿತು. ವರದಿ ಬಂತು: ಮೊಟ್ಟೆ ಇಲ್ಲ, ಮರಿ ಇಲ್ಲ, ಏನೂ ಇಲ್ಲ. ಹಿರಿಯರು ಅದನ್ನು ಓದಿ ನನ್ನ ಕೈಗೆ ಕೊಟ್ಟರು, ಫೇಲಾದ ಹುಡುಗಿಗೆ ಮಾರ್ಕ್ಸ್ ಕಾರ್ಡ್ ಕೊಡುವ ಹಾಗೆ. ಹೋಗಲಿ, ಐವರ್‌ಮೆಕ್ಟಿನ್ ಮಾತ್ರೆಯನ್ನಾದರೂ ಕೊಟ್ಟು ನೋಡೋಣ ಎಂದು ಕೇಳಿದೆ. ನಾನು ತಪ್ಪಾಗಿದ್ದರೆ ಹೋಗುವುದು ಮಾತ್ರೆ, ನೀವು ತಪ್ಪಾಗಿದ್ದರೆ ಹೋಗುವುದು ಜೀವ.

ಅವರು ಇದಕ್ಕಾಗಿಯೇ ಕಾಯುತ್ತಿದ್ದರು.

"ಐವರ್‌ಮೆಕ್ಟಿನ್! ಡಾಕ್ಟರುಗಳ ಮೀಟಿಂಗಲ್ಲಿ ಎದ್ದು ನಿಂತು, ಕೊರೋನಾ ಟೈಮಲ್ಲಿ ಅದನ್ನ ಬರೆದುಕೊಟ್ಟೋರೆಲ್ಲ ಮಂತ್ರವಾದಿಗಳು ಅಂದಿದ್ದು ಯಾರಮ್ಮ?"

ನಾನೇ. ಬರೆದುಕೊಟ್ಟವರಲ್ಲಿ ಅವರೂ ಒಬ್ಬರು. ಅದು ಗೊತ್ತಿದ್ದೇ ಅಂದಿದ್ದೆ. ಇವತ್ತೂ ಅದೇ ಮಾತಿಗೆ ನಿಲ್ಲುತ್ತೇನೆ. ವೈರಸ್ಸಿಗೆ ಕೆಲಸ ಮಾಡದ ಔಷಧಿ ಹುಳುವಿಗೆ ಕೆಲಸ ಮಾಡಬಹುದು. ಬೀಗದ ಕೈ ಪಕ್ಕದ ಮನೆಗೆ ಹೊಂದಲಿಲ್ಲವೆಂದು ನಮ್ಮ ಮನೆಯ ಬಾಗಿಲಿಗೂ ಹಾಕದೆ ಬಿಸಾಡುವುದಿಲ್ಲ. ಇದನ್ನೆಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ. ತೀರ್ಪುಗಾರರಿದ್ದಿದ್ದರೆ ಬಹುಮಾನ ನನಗೇ. ಆದರೆ ಅಲ್ಲಿ ತೀರ್ಪುಗಾರರೂ ಎದುರಾಳಿಯೂ ಒಬ್ಬರೇ ಆಗಿದ್ದರು. ಬೇಕಿದ್ದರೆ ಶಾಲೆಯಲ್ಲಿ ಮಕ್ಕಳಿಗೆ ನುಂಗಿಸುವ ಜಂತಿನ ಮಾತ್ರೆ ಒಂದು ಕೊಟ್ಟು ಬಾಯಿ ಮುಚ್ಚಿಕೊಂಡಿರು ಎಂಬರ್ಥದಲ್ಲಿ ಏನೋ ಅಂದರು. ನಾನು ಒಪ್ಪಲಿಲ್ಲ. ಆ ಒಂದು ಮಾತ್ರೆ ಆಲ್ಬೆಂಡಜೋಲ್‌ಗೆ ಈ ಹುಳು ಹೋಗುವುದಿಲ್ಲ. ಹೋಗುವುದು ಪ್ರಶ್ನೆ ಮಾತ್ರ. "ಜಂತಿಗೂ ಕೊಟ್ಟಾಯ್ತಲ್ಲ" ಎಂದು ಎಲ್ಲರೂ ಕೈತೊಳೆದುಕೊಳ್ಳುತ್ತಾರೆ.

ನಾನು ನೇರವಾಗಿ ಲ್ಯಾಬಿಗೆ ಹೋದೆ. ಟೆಕ್ನಿಷಿಯನ್ ನನಗಿಂತ ವಯಸ್ಸಿನಲ್ಲಿ ದೊಡ್ಡವನು. ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳ ಯಂತ್ರಗಳ ನಡುವೆ ರಾಜನಂತೆ ಇದ್ದವನು. ಮಲದ ಡಬ್ಬಿ ಎಂದರೆ ಅವನಿಗೆ ಅವಮಾನ. ಮಾದರಿಯನ್ನು ಯಾವಾಗ ನೋಡಿದಿರಿ ಎಂದು ಕೇಳಿದೆ. ಬಂದ ದಿನವಲ್ಲ, ಮಾರನೇ ದಿನ. ಅಲ್ಲಿಯ ತನಕ ಎಲ್ಲಿತ್ತು?

"ಫ್ರಿಜ್ಜಲ್ಲಿ ಮೇಡಂ. ಹೊರಗಿಟ್ರೆ ವಾಸ್ನೆ ಬರಲ್ವಾ? ನಾವು ಇಲ್ಲೇ ಕೂತು ಟಿಫನ್ ತಿನ್ನಬೇಕಲ್ಲ."

ಈ ಹುಳುವನ್ನು ಗುರುತಿಸುವುದೇ ಅದರ ಓಡಾಟದಿಂದ. ಬಿಸಿಬಿಸಿ ಮಾದರಿಯಲ್ಲಿ ಹಾವಿನಂತೆ ಹೊರಳುತ್ತಿರುತ್ತದೆ. ತಣ್ಣಗೆ ಮಾಡಿದರೆ ಮರಗಟ್ಟುತ್ತದೆ, ಸಾಯುತ್ತದೆ, ಕಸದ ನಡುವೆ ಕಸವಾಗುತ್ತದೆ. ಅದೂ ಒಂದು ಚೂರನ್ನು ಗಾಜಿಗೆ ಸವರಿ ನೋಡಿದರೆ ಇದ್ದರೂ ತಪ್ಪಿಹೋಗುವ ಸಾಧ್ಯತೆಯೇ ಹೆಚ್ಚು. ಇದನ್ನು ಹೇಳಿದಾಗ ಅವನು, ಹಾಗಾದರೆ ನೀವೇ ಮಾಡಿಕೊಳ್ಳಿ ಮೇಡಂ, ಆದರೆ ಇಲ್ಲಲ್ಲ, ಆ ಮೂಲೆಯ ಸಿಂಕಿನ ಹತ್ತಿರ ಎಂದ. ಸರಿ ಎಂದೆ.

ಮಾರನೆಯ ಬೆಳಗ್ಗೆ ಸೊಸೆ ಹೊಟ್ಟೆ ಕೆರೆದುಕೊಳ್ಳುತ್ತಿದ್ದಳು. ಹೊಕ್ಕುಳ ಪಕ್ಕದಲ್ಲಿ ಕೆಂಪು ಗೆರೆ, ಬರೆ ಎಳೆದ ಹಾಗೆ, ಉಬ್ಬಿಕೊಂಡಿತ್ತು. ಸಿಸ್ಟರ್ ಅದನ್ನು ಔಷಧಿಯ ಗಂಧೆ ಎಂದರು. ನಾನು ಜೇಬಿನಿಂದ ಬಾಲ್ ಪೆನ್ನು ತೆಗೆದು ಗೆರೆಯ ಎರಡೂ ತುದಿಗೆ ಅಡ್ಡಗೀಟು ಹಾಕಿದೆ. ಅತ್ತೆ ರೇಗಿದರು, ಮೈಮೇಲೆಲ್ಲ ಇಂಗ್ಲಿಷಲ್ಲಿ ಏನಮ್ಮ ಬರೀತಿದೀಯ ಎಂದು. ಊಟದ ಹೊತ್ತಿಗೆ ಬಂದು ನೋಡಿದಾಗ ಗೆರೆ ನನ್ನ ಗೀಟನ್ನು ದಾಟಿ ಪಕ್ಕೆಯ ಕಡೆ ಹೋಗಿತ್ತು. ಹಿಂದಿನ ತುದಿ ಮಾಸಿತ್ತು. ಗಂಧೆ ಏಳುತ್ತದೆ, ಅಡಗುತ್ತದೆ. ಗೀಟು ದಾಟಿಕೊಂಡು ನಡೆದುಹೋಗುವುದಿಲ್ಲ. ಚರ್ಮದ ಕೆಳಗೆ ಯಾರೋ ಪ್ರಯಾಣದಲ್ಲಿದ್ದರು.

ಇದನ್ನು ಹೇಳಲು ಹಿರಿಯರಿಗೆ ಫೋನು ಮಾಡುವ ಮೊದಲೇ ಅವರ ಫೋನು ಸಿಸ್ಟರಿಗೆ ಬಂದಿತ್ತು. ಆಮ್ಲಜನಕ ಸಾಲುತ್ತಿಲ್ಲ, ಸ್ಟೀರಾಯ್ಡ್ ದೊಡ್ಡ ಡೋಸಿಗೆ ಏರಿಸಿ. ಸಿಸ್ಟರ್ ಆಗಲೇ ಔಷಧಿಯನ್ನು ಸಿರಿಂಜಿಗೆ ಎಳೆಯುತ್ತಿದ್ದರು.

"ಕೊಡಬೇಡಿ," ಎಂದೆ.

"ಮೇಡಂ, ಸರ್ ಹೇಳಿದಾರೆ."

"ಮೊದಲಿನ ಡೋಸ್ ನಡೀಲಿ. ಇದು ಬೇಡ. ಕೇಳಿದ್ರೆ ನಾನು ತಡೆದೆ ಅನ್ನಿ."

ನಾನು ಸ್ಟೀರಾಯ್ಡ್ ನಿಲ್ಲಿಸಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಆಸ್ಪತ್ರೆಯಲ್ಲಿ ನಿಲ್ಲಿಸಿದೆನೆಂದೇ ಸುದ್ದಿಯಾಯಿತು. ಬಹುಕಾಲ ಸ್ಟೀರಾಯ್ಡ್ ನುಂಗಿದ ಮೈ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಅದೂ ಕೊಲ್ಲುತ್ತದೆ. ನಾನು ಮಾಡಿದ್ದು ಏರಿಕೆಯನ್ನು ತಡೆದದ್ದು. ಅಷ್ಟಕ್ಕೇ ನನ್ನ ಕೆಲಸ ಹೋಗಬಹುದಿತ್ತು. ನನ್ನ ಅನುಮಾನ ತಪ್ಪಾಗಿದ್ದರೆ ಹೋಗಬೇಕಾದದ್ದೂ ನ್ಯಾಯವೇ.

ಹಿರಿಯರು ತಮ್ಮ ಸ್ವಂತ ಕ್ಲಿನಿಕ್ಕಿನಿಂದ ಹೊರಟಿದ್ದಾರೆ ಎಂದು ಸಿಸ್ಟರ್ ಹೇಳಿದರು. ಈ ಸಲ ವಾದ ಬೇಡ ಎಂದು ನಿರ್ಧರಿಸಿದೆ. ವಾದದಲ್ಲಿ ನಾನು ಎರಡು ಸಲ ಗೆದ್ದು ರೋಗಿ ಎರಡು ಸಲ ಸೋತಿದ್ದಳು.

ಕ್ಯಾಂಟೀನಿನಿಂದ ಎಣ್ಣೆ ಸುರಿಯುವ ಪ್ಲಾಸ್ಟಿಕ್ ಲಾಳಿಕೆ ತಂದಿದ್ದೆ, ಹೊಸದು ಕೊಡಿಸುವ ಮಾತಿನ ಮೇಲೆ. ಅದರ ಮೂತಿಗೆ ಡ್ರಿಪ್ಪಿನ ರಬ್ಬರ್ ಕೊಳವೆ ಸಿಕ್ಕಿಸಿ, ಕೊಳವೆಯ ತುದಿಯನ್ನು ಕ್ಲಿಪ್ಪಿನಿಂದ ಬಿಗಿದೆ. ಲಾಳಿಕೆಗೆ ಉಗುರುಬೆಚ್ಚಗಿನ ನೀರು ತುಂಬಿ, ಆಗತಾನೇ ಬಂದ ಮಾದರಿಯನ್ನು ಗಾಜ್ ಬಟ್ಟೆಯ ಮಡಿಕೆಯಲ್ಲಿಟ್ಟು ನೀರಿಗೆ ತಾಗುವಂತೆ ಕೂರಿಸಿದೆ. ಉಪಾಯ ಸರಳ: ಬದುಕಿರುವ ಮರಿಗಳು ಬೆಚ್ಚಗಿನ ನೀರಿನ ಕಡೆ ಬಟ್ಟೆ ತೂರಿಕೊಂಡು ಬರುತ್ತವೆ, ಬಂದವು ಈಜಲಾರದೆ ಕೊಳವೆಯ ತಳಕ್ಕೆ ಬೀಳುತ್ತವೆ. ಕಸ ಮೇಲೆ ಉಳಿಯುತ್ತದೆ. ಟೆಕ್ನಿಷಿಯನ್ ಮೂಗಿಗೆ ಮಾಸ್ಕಿನ ಮೇಲೆ ಮಾಸ್ಕು ಹಾಕಿ, ಕಾಫಿ ಫಿಲ್ಟರ್ ಇದ್ದಂಗಿದೆ ಮೇಡಂ, ಇನ್ಮೇಲೆ ನಾನು ಕ್ಯಾಂಟೀನಲ್ಲಿ ಕಾಫಿ ಕುಡಿಯಲ್ಲ ಎಂದ. ಅವನು ಆಡಿದ ಮಾತಿನಲ್ಲಿ ನನಗೆ ಇಷ್ಟವಾದದ್ದು ಅದೊಂದೇ.

ಹಿರಿಯರು ಬಂದಾಗ ನಾನು ಇನ್ನೂ ಕಾಯುತ್ತಿದ್ದೆ. ವಾರ್ಡಿನಲ್ಲಿ ಅವರ ದನಿ ಕೇಳಿಸಿತು, ಆಮೇಲೆ ಲ್ಯಾಬಿನ ಬಾಗಿಲಲ್ಲಿ ಅವರೇ. ನನ್ನ ಆರ್ಡರ್ ತಡೆಯೋಕೆ ನೀನ್ಯಾರು ಎಂದರು. ಅವಳಿಗೇನಾದರೂ ಆದರೆ ಅವಳ ಊರಿನವರ ಮುಂದೆ ನಿನ್ನನ್ನೇ ನಿಲ್ಲಿಸುತ್ತೇನೆ ಎಂದರು. ನಿಲ್ಲುತ್ತೇನೆ ಎಂದೆ. ಕ್ಲಿಪ್ ಸಡಿಲಿಸಿ, ಮೊದಲ ಹನಿಗಳನ್ನು ಗಾಜಿನ ಮೇಲೆ ಬಿಟ್ಟು, ಮುಚ್ಚುಗಾಜು ಇಟ್ಟು, ಸೂಕ್ಷ್ಮದರ್ಶಕದ ಕೆಳಗೆ ಸರಿಸಿದೆ.

ಒಂದಲ್ಲ. ಕಣ್ಣು ಹಾಯಿಸಿದಲ್ಲೆಲ್ಲ. ಚಾಟಿಯಂತೆ ಬಳುಕುತ್ತ, ಒಂದರ ಮೇಲೊಂದು.

ನಾನು ಸ್ಟೂಲಿನಿಂದ ಎದ್ದು ಜಾಗ ಬಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಹುಕ್‌ವರ್ಮ್ ಇರಬಹುದು," ಎಂದರು ಕೊನೆಗೆ.

"ಹುಕ್‌ವರ್ಮ್ ಆಗಿದ್ರೆ ತಾಜಾ ಮಾದರೀಲಿ ಮೊಟ್ಟೆ ಇರಬೇಕಿತ್ತು ಸರ್, ಮರಿ ಅಲ್ಲ." ಅಯೋಡಿನ್ ಹನಿ ಹಾಕಿದೆ, ಮರಿಗಳು ನಿಂತುಹೋದವು. "ಬಾಯಿ ನೋಡಿ, ಗಿಡ್ಡ. ನಡು ಹೊಟ್ಟೇಲಿ ಅಕ್ಕಿಕಾಳಿನ ಥರ ಇರೋದು ಕಾಣ್ತಿದ್ಯಾ? ಹುಕ್‌ವರ್ಮಿಗೆ ಅಷ್ಟು ಸ್ಪಷ್ಟ ಇರಲ್ಲ."

ಮತ್ತೆ ಬಗ್ಗಿದರು. ಆಮೇಲೆ ಅವರು ಕೇಳಿದ್ದು ಅಷ್ಟು ದಿನಗಳಲ್ಲಿ ಕೇಳಿದ ಒಂದೇ ಒಳ್ಳೆಯ ಪ್ರಶ್ನೆ: "ಕರುಳಲ್ಲಿ ಇದೆ, ಒಪ್ಪಿದೆ. ಉಬ್ಬಸಕ್ಕೂ ಇದೇ ಕಾರಣ ಅಂತ ಏನು ಗ್ಯಾರಂಟಿ? ಅಲರ್ಜಿಯೂ ಇರಬಹುದು, ಹುಳಾನೂ ಇರಬಹುದು."

ನಿಜ. ಎರಡು ಇದ್ದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ. ಇದೇ ಮಾತು ಹೇಳಿ ನಾನು ಎಷ್ಟೋ ಜನರನ್ನು ವೇದಿಕೆಯ ಮೇಲೆ ಉರುಳಿಸಿದ್ದೇನೆ. ಕಫ ನೋಡುತ್ತೇನೆ ಎಂದೆ. ಸೊಸೆ ಕಷ್ಟಪಟ್ಟು ಕೆಮ್ಮಿ ಕೊಟ್ಟ ಕಫದಲ್ಲಿ ರಕ್ತದ ಎಳೆ ಇತ್ತು. ಗಾಜಿನ ಮೇಲೆ ಹರಡಿ ಅಂಚಿನಿಂದ ಅಂಚಿಗೆ ಸರಿಸುತ್ತ ಹೋದೆ. ಕೊನೆಯ ಅಂಚಿನಲ್ಲಿ ಒಂದು ಸಿಕ್ಕಿತು: ಉದ್ದ, ತೆಳು, ಚರ್ಮ ತೂರಬಲ್ಲ ವಯಸ್ಸಿನದು. ಶ್ವಾಸಕೋಶದಲ್ಲಿ ಅದಕ್ಕೇನು ಕೆಲಸ ಎಂದು ನಾನು ಕೇಳಬೇಕಾಗಲಿಲ್ಲ.

ಹಿರಿಯರು ಕೈ ತೊಳೆದರು, ಒರೆಸಿಕೊಂಡರು, ವಾರ್ಡಿಗೆ ಹೋಗಿ ಸಿಸ್ಟರನ್ನು ಕರೆದರು. "ಐವರ್‌ಮೆಕ್ಟಿನ್ ತರಿಸಿ. ತೂಕ ನೋಡಿ ಡೋಸ್ ಹಾಕಿ, ದಿನಾ ಕೊಡಬೇಕು. ಆಂಟಿಬಯಾಟಿಕ್ಕೂ ಶುರು ಮಾಡಿ. ಇದನ್ನ ಬೆಳಗ್ಗೆನೇ ಕೊಡಬೇಕಿತ್ತಲ್ಲ, ಯಾಕೆ ಇಷ್ಟು ಲೇಟು?"

ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಮಾತ್ರೆ ಕೊಟ್ಟೊಡನೆ ಎಲ್ಲ ಸರಿಹೋಯಿತು ಎಂದು ಬರೆಯಲು ಆಸೆಯಿದೆ, ಆಗಲಿಲ್ಲ. ಮೊದಲ ಡೋಸು ವಾಂತಿಯಲ್ಲಿ ಹೊರಬಂತು. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ, ಮಾತ್ರೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಬಿಟ್ಟೆವು. ಜ್ವರ ಏರಿತು; ರಕ್ತದಲ್ಲಿ ಕರುಳಿನ ಬ್ಯಾಕ್ಟೀರಿಯ ಬೆಳೆದಿದೆ ಎಂದು ಹೊರಗಿನ ಲ್ಯಾಬಿನಿಂದ ವರದಿ ಬಂತು. ಸ್ಟೀರಾಯ್ಡನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆವು, ಪ್ರತಿ ಮೆಟ್ಟಿಲಿಗೂ ಹಿರಿಯರು ಸಾಕ್ಷಿ ಕೇಳಿದರು, ಪ್ರತಿ ಬಾರಿಯೂ ನಾನು ಲಾಳಿಕೆ ತೊಳೆದು ಮತ್ತೆ ಹೂಡಿದೆ. ಮರಿಗಳು ಕಡಿಮೆಯಾಗುತ್ತ ಬಂದವು. ಆಮೇಲೆ ಇರಲಿಲ್ಲ. ಇಲ್ಲವೆಂದಾದ ಮೇಲೂ ಎರಡು ವಾರ ಮಾತ್ರೆ ನಿಲ್ಲಿಸಲಿಲ್ಲ. ಒಂದು ಬೆಳಗ್ಗೆ ಸೊಸೆ ಆಮ್ಲಜನಕದ ಮಾಸ್ಕು ತಾನೇ ತೆಗೆದು, ಅತ್ತೆ ತಂದ ಮುದ್ದೆಗೆ ಉಪ್ಪು ಕಮ್ಮಿ ಎಂದು ಜಗಳ ತೆಗೆದಳು. ಎರಡು ಮಾತಿಗೆ ಉಸಿರು ಸಾಲದವಳು ಒಂದು ಜಗಳ ಪೂರ್ತಿ ಆಡಿ ಮುಗಿಸಿದಳು. ನನಗೆ ಅದಕ್ಕಿಂತ ಒಳ್ಳೆಯ ಎಕ್ಸ್‌ರೇ ಬೇಕಿರಲಿಲ್ಲ.

ಆಮೇಲೆ ಚಿಕ್ಕಬಳ್ಳಾಪುರದಲ್ಲಿ ವೈದ್ಯರ ಸಭೆಯೊಂದರಲ್ಲಿ ಹಿರಿಯರು ಈ ಕೇಸನ್ನು ಸ್ಲೈಡ್ ಹಾಕಿ ತೋರಿಸಿದರು. "ನಮ್ಮ ಕಡೆ ಈ ಹುಳ ಇಲ್ಲ ಅಂತ ಯಾರೂ ಅಂದ್ಕೋಬೇಡಿ," ಎಂದು ಬೆರಳೆತ್ತಿ ಎಚ್ಚರಿಸಿದರು. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಸ್ಲೈಡಿನಲ್ಲಿದ್ದ ಬಾಲ್ ಪೆನ್ನಿನ ಗೀಟಿನ ಫೋಟೊ ನನ್ನ ಫೋನಿನಲ್ಲಿ ತೆಗೆದದ್ದು. ಎದ್ದು ನಿಂತು ಕೇಳಬಹುದಾದ ಪ್ರಶ್ನೆಗಳು ಸಾಕಷ್ಟಿದ್ದವು. ಕೇಳಿದರೆ ಸಭೆ ನಮ್ಮಿಬ್ಬರ ಜಗಳ ನೋಡಿಕೊಂಡು ಮನೆಗೆ ಹೋಗುತ್ತದೆ, ಹುಳುವನ್ನು ಅಲ್ಲೇ ಬಿಟ್ಟು. ಕೂತೇ ಇದ್ದೆ. ಕ್ಷಮಿಸಿದ್ದೇನೆ ಎಂದು ಯಾರೂ ತಿಳಿಯಬಾರದು.

ಆದರೆ ನಿಜವಾದ ಸೋಲು ನನಗೆ ಅವರಿಂದ ಆದದ್ದಲ್ಲ. ಸೊಸೆ ಮನೆಗೆ ಹೊರಟ ದಿನ ಅತ್ತೆಯನ್ನು ಕೂರಿಸಿಕೊಂಡು ಹೇಳಿದೆ: ಕಕ್ಕಸಿನ ಪೈಪು ತೋಟದಿಂದ ತಿರುಗಿಸಿ, ತೋಟಕ್ಕೆ ಇಳಿಯುವಾಗ ಕಾಲಿಗೆ ಚಪ್ಪಲಿ ಹಾಕಿ, ಮನೆಯವರೆಲ್ಲ ಪರೀಕ್ಷೆ ಮಾಡಿಸಿ. ಮತ್ತೆ ಅದೇ ಮಣ್ಣನ್ನು ಬರಿಗಾಲಲ್ಲಿ ತುಳಿದರೆ ಮತ್ತೆ ಇದೇ ಹಾಸಿಗೆ.

"ಔಷಧಿ ಕೊಟ್ಟಿದ್ದೀರಲ್ಲ," ಎಂದರು ಅತ್ತೆ.

ನಿಮ್ಮ ಸೊಸೆ ಸಾಯುವುದರಲ್ಲಿದ್ದಳು ಎಂದೆ.

"ಸಾಯ್ಲಿಲ್ಲವಲ್ಲ. ಚಪ್ಪಲಿ ಮಾತ್ರ ಆಗಾಕಿಲ್ಲ ತಾಯಿ. ಹುಳ ಸಾಯ್ತವೆ. ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ಒಂದು ತಟ್ಟೆ ಹೋದ್ರೆ ಎಲ್ಲಾ ಹೋದಂಗೆ."

ಸೊಸೆ ಗಂಟುಮೂಟೆ ಹಿಡಿದು ಅಲ್ಲೇ ನಿಂತಿದ್ದಳು. ಈ ಲೆಕ್ಕದಲ್ಲಿ ತಾನು ಯಾವ ಕಡೆ ಬರುತ್ತೇನೆಂದು ಅವಳಿಗೆ ಮೊದಲೇ ಗೊತ್ತಿದ್ದ ಹಾಗಿತ್ತು. ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಹಿರಿಯರ ಮೇಲೆ ಬಂದದ್ದಕ್ಕಿಂತ ಹೆಚ್ಚಿನದು. ಆಮೇಲೆ ಕೇಳಿದೆ:

"ಕಕ್ಕಸಿನ ನೀರು ತುಳಿದ ಬರಿಗಾಲಲ್ಲೇ ಹುಳು ಮನೆಗೆ ಹೋಗ್ತಾರಲ್ಲ, ಆ ಕೊಳೆ ಹುಳಕ್ಕೆ ಆಗುತ್ತಾ?"

ಅತ್ತೆ ಬಗ್ಗಿ ಸೊಸೆಯ ಕಾಲಿನ ಕಡೆ ನೋಡಿದರು.

ನಾನು ಸುಳ್ಳು ಹೇಳಲಿಲ್ಲ. ಕೊಳಕು ಕಾಲಿನಿಂದ ಹುಳು ಮನೆಗೆ ರೋಗ ಬರುತ್ತದೆ ಎಂದು ರೇಷ್ಮೆ ಇಲಾಖೆಯವರೂ ಹೇಳುತ್ತಾರೆ. ಆದರೆ ಅದು ನನ್ನ ವಾದವಾಗಿರಲಿಲ್ಲ. ನನ್ನ ವಾದ ಆ ಹೆಂಗಸಿನ ಜೀವವಾಗಿತ್ತು. ಅದು ಆ ಮನೆಯಲ್ಲಿ ನಡೆಯುವ ನಾಣ್ಯವಲ್ಲ ಎಂದು ಕಂಡಾಗ ನಡೆಯುವ ನಾಣ್ಯ ತೆಗೆದೆ. ಚರ್ಚಾಸ್ಪರ್ಧೆಯಲ್ಲಿ ಇದನ್ನು ಜಾಣತನ ಎನ್ನುತ್ತಾರೆ. ಅವತ್ತು ನನಗೆ ಬಾಯಿ ತೊಳೆದುಕೊಳ್ಳಬೇಕೆನಿಸಿತು.

ಮನೆಯವರ ಮಾದರಿ ತರಲು ಕೆಲವು ದಿನಗಳ ನಂತರ ಕೆಂಚಾರ್ಲಹಳ್ಳಿ ಕಡೆಗೆ ಹೋದೆ. ಕಕ್ಕಸಿನ ಪೈಪು ತೋಟದಿಂದ ತಿರುಗಿ ಹೊಸದಾಗಿ ತೋಡಿದ ಗುಂಡಿಗೆ ಇಳಿದಿತ್ತು. ಹುಳು ಮನೆಯ ಬಾಗಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ನೀರಿನ ತಟ್ಟೆ. ತೋಟದ ಅಂಚಿನ ಚಪ್ಪಡಿಯ ಮೇಲೆ ತೋಟಕ್ಕೆಂದೇ ಇಟ್ಟ ಚಪ್ಪಲಿಗಳು, ಬೀದಿಯ ಮಣ್ಣು ಕಾಣದವು. ಅತ್ತೆ ನನಗೆ ಕಾಫಿ ಕೊಟ್ಟು, ಹುಳ ಈ ಸಲ ಚೆನ್ನಾಗಿ ಏಳ್ತಾ ಅವೆ ಎಂದರು. ಸೊಸೆಯ ಆರೋಗ್ಯದ ಬಗ್ಗೆ ನಾನೇ ಕೇಳಬೇಕಾಯಿತು.

ಸೊಸೆ ಸೊಪ್ಪಿನ ಸಾಲುಗಳ ನಡುವೆ ಇದ್ದಳು. ಹೊಸ ಚಪ್ಪಲಿ ಮಣ್ಣಿಗೆ ಅಂಟಿ ಪ್ರತಿ ಹೆಜ್ಜೆಗೂ ಕಾಲಿನಿಂದ ಜಾರುತ್ತಿತ್ತು. ಸಾಕಾಗಿ, ಬಗ್ಗಿ, ಕಳಚಲು ಕೈ ಹಾಕಿದಳು.

"ಬಿಚ್ಚಬೇಡ ಕಣೇ," ಎಂದು ಅತ್ತೆ ಜಗಲಿಯಿಂದ ಕೂಗಿದರು. "ಹುಳ ಸಾಯ್ತವೆ."

ಅವಳು ಚಪ್ಪಲಿ ಸರಿಮಾಡಿಕೊಂಡು, ಸೊಪ್ಪು ಕೊಯ್ಯತೊಡಗಿದಳು.